ಅಂಟದ ನಾಣ್ಯಗಳು

ಗಿರಣಿಯ ಮುತ್ತಪ್ಪ ಬಗ್ಗಿ ಕಾಟಾದ ಕೆಂಪು ಅಂಕಿಗಳನ್ನು ಓದಿ 'ಐವತ್ತೈದು ಕಿಲೊ ಆರನೂರು ಗ್ರಾಂ ರಿ ಸರ' ಎಂದಾಗ ಶಿದ್ಲಿಂಗಪ್ಪನಿಗೆ ಖುಷಿಯಾಯಿತು. ಖುಷಿಯಾದದ್ದಕ್ಕೇ ಮರುಗಳಿಗೆ ತನ್ನ ಮೇಲೆ ಸಿಟ್ಟೂ ಬಂತು. ಅರವತ್ತೊಂದು ವರ್ಷದ ಮನುಷ್ಯ, ಮೂವತ್ತು ವರ್ಷ ಗೋಕಾಕದಲ್ಲಿ ಹುಡುಗರಿಗೆ ಲೋಹ ಕರಗಿಸಿ ಅಚ್ಚಿಗೆ ಹೊಯ್ಯುವುದನ್ನು ಕಲಿಸಿ ನಿವೃತ್ತನಾದವನು, ಬೆಳಿಗ್ಗೆ ಏಳಕ್ಕೆ ಹುಕ್ಕೇರಿಯ ಗಿರಣಿಯೊಳಗೆ ಬನಿಯನ್ನೂ ಕಳಚಿ, ಜೋಳದ ಬುಟ್ಟಿ ಇಟ್ಟುಕೊಂಡು ಸರದಿ ಕಾಯುವ ಹೆಂಗಸರ ಎದುರು ಕಾಟಾದ ಮೇಲೆ ನಿಂತಿದ್ದಾನೆ, ತೂಕ ಇಳಿದಿದೆ ಎಂದು ಒಳಗೊಳಗೇ ಹಿಗ್ಗುತ್ತಿದ್ದಾನೆ. ಹೆಂಗಸರಲ್ಲಿ ಒಬ್ಬಳು ಸೆರಗು ಬಾಯಿಗೆ ಇಟ್ಟುಕೊಂಡು 'ಸರ ಪೈಲವಾನಕಿಗೆ ನಿಂತಾರೇನ' ಎಂದಳು, ಉಳಿದವರು ನಕ್ಕರು. ಅವನು ಕೇಳಿಸದವನಂತೆ ಕೆಳಗಿಳಿದು ಹಿಟ್ಟಿನ ಚೀಲದ ಮೇಲೆ ಇಟ್ಟಿದ್ದ ಬನಿಯನ್ನು ತೆಗೆದುಕೊಂಡ. ಅದರ ಕಿಸೆಯಲ್ಲಿ ಅಂಗೈಯಗಲದ ಅಯಸ್ಕಾಂತವಿತ್ತು. ಎಲೆಕ್ಟ್ರಾನಿಕ್ ಕಾಟಾದ ಹತ್ತಿರ ಅಯಸ್ಕಾಂತ ಒಯ್ದರೆ ಅಂಕಿ ಕೆಡುತ್ತದೆ ಎಂದು ಅವನಿಗೆ ಗಟ್ಟಿ ನಂಬಿಕೆ. ಆದ್ದರಿಂದಲೇ ಪ್ರತಿ ವಾರ ಈ ಬರಿಮೈಯ ಅವಮಾನ. 'ಎಂಟು ತಿಂಗಳಾತು ನೋಡಾಕತ್ತೇನಿ, ವಾರಾ ವಾರಾ ಇಳಕೋತ ಹೊಂಟೀರಿ. ಒಮ್ಮೆ ಡಾಕ್ಟರಿಗೆ ತೋರಸ್ರಿ ಸರ' ಎಂದ ಮುತ್ತಪ್ಪ. 'ತೋರಸ್ತೇನಿ ತಗೊ' ಎಂದು ಗೊಣಗಿ ಶಿದ್ಲಿಂಗಪ್ಪ ಹೊರಬಿದ್ದ. ಎಲ್ಲರಿಗೂ ಅವನ ಆರೋಗ್ಯದ ಚಿಂತೆ, ಒಬ್ಬರಿಗಾದರೂ ಅವನ ಚಿಂತೆ ಏನೆಂದು ಗೊತ್ತಿಲ್ಲ.

ಗೊತ್ತಾದರೆ ಇನ್ನೂ ಕಷ್ಟವೇ. ತುಲಾಭಾರದಲ್ಲಿ ಕಡಿಮೆ ತೂಗಬೇಕೆಂದು ಒಬ್ಬ ಗಂಡಸು ಎಂಟು ತಿಂಗಳಿಂದ ಅರೆಹೊಟ್ಟೆ ಉಣ್ಣುತ್ತಿದ್ದಾನೆ ಎಂದು ಯಾರಿಗೆ ಹೇಳಿಕೊಳ್ಳಬೇಕು? ಹೋದ ಮಳೆಗಾಲದಲ್ಲಿ ಡೆಂಗ್ಯೂ ಬಂದು ಗೋಕಾಕದ ಆಸ್ಪತ್ರೆಯಲ್ಲಿ ಮೂರು ದಿನ ಅವನಿಗೆ ಮೈಮೇಲೆ ಎಚ್ಚರವಿರಲಿಲ್ಲ. ಆ ಮೂರು ದಿನದಲ್ಲಿ ಹೆಂಡತಿ ದಾಕ್ಷಾಯಿಣಿ, ಅವನನ್ನು ಒಂದು ಮಾತೂ ಕೇಳದೆ, ಮೂಡಲಗಿಯ ಆಚೆಗಿರುವ ಅವನ ಮನೆತನದ ಮಠಕ್ಕೆ ಹರಕೆ ಹೊತ್ತುಬಿಟ್ಟಿದ್ದಳು. ಎದ್ದು ಕೂತು ಗಂಜಿ ಕುಡಿಯುವ ಹೊತ್ತಿಗೆ ಸುದ್ದಿ ಹೇಳಿದಳು: 'ನಿಮ್ಮ ತೂಕದಷ್ಟು ನಿಮ್ಮ ಡಬ್ಬ್ಯಾಗಿನ ರೊಕ್ಕ ತೂಗಿ ಕೊಡ್ತೇನಿ ಅಂತ ಬೇಡಕೊಂಡೇನ್ರಿ.' ಡಬ್ಬಿಯ ರೊಕ್ಕವೆಂದರೆ ಅವನು ವರ್ಷಗಟ್ಟಲೆ ಆರಿಸಿ ಕೂಡಿಟ್ಟ ಹಳೆಯ ನಾಣ್ಯ. ಬೆಲ್ಲ ತೂಗಬಹುದಿತ್ತು, ಜೋಳ ತೂಗಬಹುದಿತ್ತು, ತೆಂಗಿನಕಾಯಿ ತೂಗಬಹುದಿತ್ತು. ನಾಣ್ಯವೇ ಬೇಕೆಂದಿದ್ದರೆ ಬ್ಯಾಂಕಿನಲ್ಲಿ ಕೇಳಿದಷ್ಟು ಚೀಲ ಕೊಡುತ್ತಾರೆ, ಹೊಸ ಉಕ್ಕಿನ ಒಂದು ರೂಪಾಯಿಯವು. ಅವನು ಇದನ್ನೆಲ್ಲ ಹೇಳಿದ. ಅವಳು ಕೇಳಿದಳು, ಕೊನೆಗೆ, 'ಬ್ಯಾಂಕಿನ ರೊಕ್ಕದ ಮ್ಯಾಲೆ ನಿಮಗೇನು ಜೀವ ಐತಿ? ಜೀವ ಇದ್ದದ್ದನ್ನ ಕೊಟ್ಟರ ಜೀವ ಉಳೀತೈತಿ' ಎಂದಳು. ಅಂದಿನಿಂದ ಅವನು ಎದುರಾಡಲಿಲ್ಲ, ರೊಟ್ಟಿ ಬಿಟ್ಟ.

ಮನೆಗೆ ಹೋಗುವ ಹಾದಿಯಲ್ಲಿ ಚಹಾದಂಗಡಿಯವನು ಬೋಣಿಗೆಯ ಚಿಲ್ಲರೆಯನ್ನು ಹಲಗೆಯ ಮೇಲೆ ಸುರಿದುಕೊಂಡಿದ್ದ. ಶಿದ್ಲಿಂಗಪ್ಪನ ಕಣ್ಣು ತಾನಾಗಿಯೇ ಅತ್ತ ಹೋಯಿತು. ಒಂದು ದಪ್ಪ ಐದು ರೂಪಾಯಿ ಇತ್ತು, ಹಳೆಯದು, ಅಂಚಿನಲ್ಲಿ ಗೆರೆ ಇದ್ದದ್ದು. ಕೈ ಕಿಸೆಗೆ ಹೋಗಿ ನಿಂತಿತು. ಹರಕೆ ತೀರಿಸಲು ಮೂಡಲಗಿಗೆ ಹೋಗುವ ದಿನವೇ ಇನ್ನೊಂದನ್ನು ಕೂಡಿಡುವುದೇ? ಆದರೂ ಅಂಗಡಿಯವನು, ಗಿರಾಕಿಯ ಹುಚ್ಚು ಗೊತ್ತಿದ್ದವನು, ತಾನೇ ಅದನ್ನು ಎತ್ತಿ ಹಿಡಿದು 'ನಿಮ್ಮದೊಂದು ಬಂದೈತಿ ನೋಡ್ರಿ ಸರ' ಎಂದು ನಕ್ಕ. ನೂರಕ್ಕೆ ಎಪ್ಪತ್ತೈದು ತಾಮ್ರ, ಇಪ್ಪತ್ತೈದು ನಿಕ್ಕಲ್, ಒಂಬತ್ತು ಗ್ರಾಂ. ಇದನ್ನು ಇಪ್ಪತ್ತೆರಡು ವರ್ಷದಿಂದ ಹೇಳುತ್ತ ಬಂದಿದ್ದಾನೆ, ಯಾರೂ ಎರಡನೆಯ ಸಲ ಕೇಳಿಸಿಕೊಂಡಿಲ್ಲ. ಸರಕಾರ ಐದು ರೂಪಾಯಿ ಎಂದು ಒತ್ತಿ ಕೊಟ್ಟ ಬಿಲ್ಲೆಯಲ್ಲಿ ಐದಕ್ಕಿಂತ ಹೆಚ್ಚು ಬೆಲೆಯ ಲೋಹವಿದೆ ಎಂಬುದು ಅವನಿಗೆ ಒಂದು ದಿನ ಕುಲುಮೆಯ ಮುಂದೆ ನಿಂತು ಲೆಕ್ಕ ಹಾಕುವಾಗ ಹೊಳೆದಿತ್ತು. ತನಗೆ ಮಾತ್ರ ಹೊಳೆದಿತ್ತು ಎಂದು ಅವನ ತಿಳಿವಳಿಕೆ. ಅಂದೇ ಕೆಟ್ಟ ರೇಡಿಯೋದ ಸ್ಪೀಕರಿನಿಂದ ಅಯಸ್ಕಾಂತ ಬಿಚ್ಚಿಕೊಂಡು ಬಂದ. ಕೈಗೆ ಬಂದ ಚಿಲ್ಲರೆಯ ಮೇಲೆ ಅದನ್ನು ಆಡಿಸುವುದು, ಟಪ್ಪನೆ ಹಾರಿ ಅಂಟಿಕೊಳ್ಳುವ ಉಕ್ಕಿನವನ್ನು ಖರ್ಚಿಗೆ ಬಿಡುವುದು, ಅಂಟದೆ ಗಂಭೀರವಾಗಿ ಬಿದ್ದುಕೊಂಡಿರುವವನ್ನು ಡಬ್ಬಿಗೆ ಹಾಕುವುದು: ದಪ್ಪ ಐದು, ಹನ್ನೊಂದು ಮೂಲೆಯ ಎರಡು, ಹಳೆಯ ಅಗಲ ರೂಪಾಯಿ. ಬಸ್ಸಿನಲ್ಲಿ ಮಾಡಿದ್ದಾನೆ, ಮದುವೆ ಮನೆಯ ಮುಯ್ಯಿಯ ತಟ್ಟೆಯ ಎದುರು ಮಾಡಿದ್ದಾನೆ. ಮಗಳು ಶಿವಾನಿಯನ್ನು ನೋಡಲು ಬಂದ ಬೀಗರು ಕುಪ್ಪಸದ ಖಣದ ಮೇಲೆ ಇಟ್ಟ ದಕ್ಷಿಣೆಯ ಮೇಲೂ ಆಡಿಸಿದಾಗ ಮಗಳು ಒಳಗೆ ಹೋಗಿ ಒಂದು ತಾಸು ಹೊರಗೆ ಬರಲಿಲ್ಲ. ಇಷ್ಟೆಲ್ಲ ಮಾಡಿ ಕೂಡಿಸಿದ್ದನ್ನು ಒಮ್ಮೆ ಗೋಕಾಕದ ಗುಜರಿಯವನ ಹತ್ತಿರ ಮಾದರಿಗೆಂದು ಎರಡು ಕಿಲೊ ಒಯ್ದ. ಗುಜರಿಯವನು ಕರವಸ್ತ್ರದ ಗಂಟು ಬಿಚ್ಚಿ ನೋಡಿ ತಟ್ಟನೆ ಮುಚ್ಚಿ, 'ಇದು ರೊಕ್ಕ ಐತ್ರಿ, ಗುಜರಿ ಅಲ್ಲ. ಕರಗಿಸಿದ್ರ ಪೊಲೀಸ್ರು ಎಳಕೊಂಡ ಹೋಗ್ತಾರ. ನೀವು ಮಾಸ್ತರು ಆಗಿ ಹಿಂಗ ಮಾಡೂದಾ' ಎಂದು ಅಂಗಡಿಯವರೆಲ್ಲ ಕೇಳುವಂತೆ ಹೇಳಿದ. ಗಂಟು ಎತ್ತಿಕೊಂಡು ಬಸ್ ನಿಲ್ದಾಣದವರೆಗೆ ಬಂದದ್ದು ಹೇಗೆಂದು ಅವನಿಗೆ ಇಂದಿಗೂ ನೆನಪಿಲ್ಲ. ಮನೆಯಲ್ಲಿ ಮಾತ್ರ 'ರೇಟು ಇನ್ನೂ ಏರೂದೈತಿ' ಎಂದಿದ್ದ. ಇಪ್ಪತ್ತೆರಡು ವರ್ಷ ಮಾರಲೂ ಆಗದೆ, ಖರ್ಚು ಮಾಡಲೂ ಮನಸ್ಸು ಬಾರದೆ, ಮಂಚದ ಕೆಳಗೆ ನಾಲ್ಕು ಬಣ್ಣದ ಡಬ್ಬಿಗಳಲ್ಲಿ ಅರವತ್ಮೂರು ಕಿಲೊ ಕೂತಿತ್ತು. ಚಹಾದಂಗಡಿಯವನಿಗೆ 'ಇವತ್ತ ಬ್ಯಾಡ' ಎಂದು ಶಿದ್ಲಿಂಗಪ್ಪ ಮುಂದೆ ನಡೆದ. ಹತ್ತು ಹೆಜ್ಜೆ ಹೋಗಿ ತಿರುಗಿ ಬಂದು ಐದರ ನೋಟು ಕೊಟ್ಟು ಅದನ್ನು ತೆಗೆದುಕೊಂಡ.

ಮನೆಯಲ್ಲಿ ಹೂರಣ ಬೇಯುವ ವಾಸನೆ. ಹರಕೆ ತೀರಿಸುವ ದಿನ ಹೋಳಿಗೆ ಮಾಡದೆ ಇರುತ್ತಾರೆಯೇ ಎಂಬುದು ದಾಕ್ಷಾಯಿಣಿಯ ನ್ಯಾಯ; ತೂಗುವ ದಿನವೇ ಹೋಳಿಗೆ ತಿನ್ನಿಸುತ್ತಾರೆಯೇ ಎಂಬುದು ಅವನ ಸಂಕಟ, ಬಾಯಿ ಬಿಟ್ಟು ಆಡುವಂತಿಲ್ಲ. 'ಅರ್ಧ ಸಾಕು. ಹೊಟ್ಟಿ ಉರಿ' ಎಂದ. ಅವಳು ಎರಡು ಹೋಳಿಗೆ ಹಾಕಿ, ಅದರ ಮೇಲೆ ಬಟ್ಟಲು ಹಾಲು, ಹಾಲಿನ ಮೇಲೆ ತುಪ್ಪ ಸುರಿದು ಎದುರು ಕೂತಳು. ಎಂಟು ತಿಂಗಳಲ್ಲಿ ಅವಳ ಮುಖವೂ ಸಣ್ಣದಾಗಿದೆ ಎಂದು ಅವನಿಗೆ ಆಗ ಕಂಡಿತು. ಅವನ ಜ್ವರ ಒಳಗೇ ಉಳಿದಿದೆ, ಅದಕ್ಕೇ ಉಂಡದ್ದು ಮೈಗೆ ಹತ್ತುತ್ತಿಲ್ಲ ಎಂದು ಅವಳು ಸೋಮವಾರದ ಜೊತೆಗೆ ಗುರುವಾರವೂ ಉಪವಾಸ ಹಿಡಿದಿದ್ದಳು. ಅವನು ತೂಕ ಇಳಿಸಲು ಹಸಿದಿರುವುದು, ಅವನ ತೂಕ ಏರಲಿ ಎಂದು ಅವಳು ಹಸಿದಿರುವುದು, ಇಬ್ಬರ ನಡುವೆ ತುಪ್ಪದ ಹೋಳಿಗೆ ತಟ್ಟೆಯಲ್ಲಿ ಆರುತ್ತಿರುವುದು. ಅವನಿಗೆ ನಾಚಿಕೆಯಾಯಿತು. ನಾಚಿಕೆಯಾದಾಗ ಸಿಟ್ಟಿಗೇಳುವುದು ಅವನ ಹಳೆಯ ಚಟ. 'ಏನ್ ನೋಡತಿ, ತಿಂತೇನಿ' ಎಂದು ರೇಗಿ ಎರಡನ್ನೂ ತಿಂದ. ತಿನ್ನುತ್ತಲೇ ಲೆಕ್ಕ ನಡೆದಿತ್ತು. ಜ್ವರದಿಂದ ಎದ್ದಾಗ ಅರವತ್ತೆರಡೂವರೆ ಇದ್ದ, ಈಗ ಐವತ್ತೈದು ಆರುನೂರು. ಸುಮಾರು ಏಳು ಕಿಲೊ ಮೈ ಕಳೆದುಕೊಂಡು ಏಳು ಕಿಲೊ ನಾಣ್ಯ ಉಳಿಸಿದ್ದಾನೆ. ಮೂರು ಡಬ್ಬಿಗಳಲ್ಲಿ ಐವತ್ತಾರು ಕಿಲೊ ತುಂಬಿದ್ದಾನೆ. ನಾನೂರು ಗ್ರಾಂ ಹೆಚ್ಚೇ ಇಟ್ಟಿದ್ದಾನೆ, ಅಷ್ಟು ದೊಡ್ಡ ಮನಸ್ಸು ತನಗೂ ಇದೆ. ನಾಲ್ಕನೆಯ ಡಬ್ಬಿಯನ್ನು ನಿನ್ನೆ ಸಂಜೆ ಅವಳು ಹಾಲಿಗೆ ಹೋದಾಗ ಹಿತ್ತಿಲಿನ ಕುಳ್ಳಿನ ರಾಶಿಯೊಳಗೆ ಹುಗಿದು ಬಂದಿದ್ದ. ಕೈ ತೊಳೆದರೂ ಸಗಣಿಯ ವಾಸನೆ ಉಗುರಲ್ಲಿ ಉಳಿದಿತ್ತು.

ಮಾಳಪ್ಪನ ಟಂಟಂ ಬಾಗಿಲಿಗೆ ಬಂತು. ಅವನ ಮೂರು ಗಾಲಿಯ ಗಾಡಿಗೆ ಒಂದೊಂದೇ ಡಬ್ಬಿ ಏರಿಸುವಾಗ ಮಾಳಪ್ಪ 'ಏನ್ರಿ ಕಾಕಾ, ಬಣ್ಣದ ಡಬ್ಬ್ಯಾಗ ಕಬ್ಬಿಣ ತುಂಬೀರೇನು' ಎಂದು ಏದುಸಿರು ಬಿಟ್ಟ. ಕಬ್ಬಿಣ. ಇಪ್ಪತ್ತೆರಡು ವರ್ಷ ಕಬ್ಬಿಣವನ್ನು ಒಂದು ಚೂರೂ ಒಳಗೆ ಬಿಟ್ಟುಕೊಳ್ಳದೆ ಆರಿಸಿ ಇಟ್ಟದ್ದಕ್ಕೆ ಇವನು ಕಬ್ಬಿಣ ಎನ್ನುತ್ತಾನೆ. ಶಿದ್ಲಿಂಗಪ್ಪ ಮುಂದೆ ಡ್ರೈವರನ ಬಗಲಲ್ಲಿ ಕೂತ. ದಾಕ್ಷಾಯಿಣಿ ಬೀಗ ಹಾಕುತ್ತೇನೆಂದು ಒಳಗೆ ಹೋದವಳು ಬಹಳ ಹೊತ್ತು ಬರಲಿಲ್ಲ. ಬಂದು ಹಿಂದೆ ಹತ್ತಿ ಚೀಲ, ಕಾಯಿ, ಹೂವು ಅದು ಇದು ಎಂದು ಹೊಂದಿಸಿಕೊಂಡು ಕೂತಳು. ಘಟಪ್ರಭಾ ದಾಟುವವರೆಗೂ ರಸ್ತೆಯ ತುಂಬ ಕಬ್ಬಿನ ಟ್ರ್ಯಾಕ್ಟರುಗಳು. ಒಂದನ್ನು ದಾಟಿದರೆ ಮುಂದಿನದು, ಅದರ ಹಾಡು ಮುಗಿದರೆ ಇದರ ಹಾಡು. ಗುಂಡಿ ಬಂದಾಗಲೆಲ್ಲ ಹಿಂದೆ ಡಬ್ಬಿಗಳು ಘಲ್ಲೆನ್ನದೆ ಧಡ್ ಎನ್ನುತ್ತಿದ್ದವು. ತುಂಬಿದ ನಾಣ್ಯ ಸದ್ದು ಮಾಡುವುದಿಲ್ಲ. ಸದ್ದು ಮಾಡುವುದು ತೂರಿದ ನಾಣ್ಯ, ಅದೂ ಉಕ್ಕಿನದು, ಡಾಂಬರಿನ ಮೇಲೆ ಬಿದ್ದು ಟಿಣ್ ಟಿಣ್ ಎಂದು ಉರುಳಿ ಗಟಾರದವರೆಗೆ ಹೋಗುತ್ತದೆ. ಅವ್ವ ತೀರಿಕೊಂಡ ದಿನ ಅವಳನ್ನು ಪಡಸಾಲೆಯಲ್ಲಿ ಗೋಡೆಗೆ ಆನಿಸಿ ಕೂಡಿಸಿದ್ದರು, ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗ, ಬಾಯಿ ತುಸು ತೆರೆದಿತ್ತು. ತೊಂಬತ್ತು ಮುಟ್ಟಿದ ಮುದಕವ್ವ. ಭಜನೆಯವರು ಮೂರನೆಯ ಪದ ಮುಗಿಸಿ ನಾಲ್ಕನೆಯದನ್ನು ಹಿಡಿದಿದ್ದರು. ಹೆಣ ಹೊರುವ ವಿಮಾನ ಕಟ್ಟಿ ಆಗಿತ್ತು. ಚುರುಮುರಿ ಬುಟ್ಟಿಯಲ್ಲಿ ತುಂಬಿತ್ತು. ಅದರೊಳಗೆ ಬೆರೆಸಿ ಹಾದಿಯುದ್ದ ತೂರಲು ಚಿಲ್ಲರೆ ಬೇಕು, ಮಗನಾದವನು ಕೊಡಬೇಕು. 'ತರ್ತೇನಿ' ಎಂದು ಅವನು ಒಳಗೆ ಹೋದ.

ಆರು ವರ್ಷವಾಯಿತು. ಅರಭಾವಿಯ ಹತ್ತಿರ ಕಾಲೇಜಿನ ಹುಡುಗರು ಬಸ್ಸಿಗೆ ಕಾಯುತ್ತ ನಿಂತಿದ್ದನ್ನು ನೋಡಿದ, ಮಾಳಪ್ಪ ಹಾರ್ನ್ ಒತ್ತಿದ್ದನ್ನು ಕೇಳಿದ, ಆದರೆ ಅವನು ಇದ್ದದ್ದು ಆ ಒಳಕೋಣೆಯಲ್ಲಿ. ಮಂಚದ ಕೆಳಗಿನ ಡಬ್ಬಿಯಲ್ಲ, ದಿನದ ಖರ್ಚಿನ ಸ್ಟೀಲ್ ಡಬ್ಬಿಯನ್ನೇ ಎಳೆದಿದ್ದ. ಅದನ್ನು ಹಾಗೆಯೇ ಒಯ್ದು ಬುಟ್ಟಿಗೆ ಸುರಿದಿದ್ದರೆ ಮುಗಿಯುತ್ತಿತ್ತು. ಆದರೆ ಆ ವಾರದ ಚಿಲ್ಲರೆಯನ್ನು ಇನ್ನೂ ಆರಿಸಿರಲಿಲ್ಲ. ಅದರೊಳಗೆ ಅಂಟದವು ಹತ್ತೋ ಹದಿನೈದೋ ಇರಬಹುದಿತ್ತು. ಹತ್ತು ಹದಿನೈದು. ಅವನು ಕುಕ್ಕರುಗಾಲಲ್ಲಿ ಕೂತು ನೆಲದ ಮೇಲೆ ಚಿಲ್ಲರೆ ಹರಡಿ, ಕಿಸೆಯಿಂದ ಅಯಸ್ಕಾಂತ ತೆಗೆದು ಅದರ ಮೇಲೆ ಆಡಿಸಿದ. ಅಂಟಿದವನ್ನು ಅವ್ವನಿಗೆಂದು ತಟ್ಟೆಗೆ ಬಿಡಿಸಿ ಹಾಕಿದ, ಮತ್ತೆ ಆಡಿಸಿದ. ಅಳುತ್ತಲೂ ಇದ್ದ. ಅದು ಸುಳ್ಳಲ್ಲ, ಕಣ್ಣೀರು ಬೆರಳ ಮೇಲೆ ಬೀಳುತ್ತಿತ್ತು, ಬೆರಳು ತಮ್ಮ ಪಾಡಿಗೆ ಕೆಲಸ ಮಾಡುತ್ತಿದ್ದವು. ಹೊರಗೆ ಯಾರೋ 'ಶಿದ್ಲಿಂಗ ಎಲ್ಲಿ ಹೋದಾ' ಎಂದರು. ತಲೆ ಎತ್ತಿದಾಗ ಬಾಗಿಲಲ್ಲಿ ಅಕ್ಕ ಗೌರವ್ವ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಅವಳು ಅಯಸ್ಕಾಂತ ನೋಡಿದಳು, ತಟ್ಟೆ ನೋಡಿದಳು, ನೆಲದ ಮೇಲೆ ಉಳಿದ ಅಂಟದ ನಾಣ್ಯಗಳನ್ನು ನೋಡಿದಳು. 'ಲಗೂನ ಬಾ ತಮ್ಮಾ, ಅವ್ವ ಕುಂತಾಳ' ಎಂದಳು, ಅಷ್ಟೇ. ಬೈದಿದ್ದರೆ ಅವನು ತಿರುಗಿ ಬೈಯುತ್ತಿದ್ದ, ಜಗಳವಾಗಿ ಅದು ಅಂದೇ ತೀರಿಹೋಗುತ್ತಿತ್ತು. ಆರು ವರ್ಷದಲ್ಲಿ ಅವಳು ಒಮ್ಮೆಯೂ ಅದರ ಮಾತು ತೆಗೆದಿಲ್ಲ. ಹಬ್ಬಕ್ಕೆ ಉಂಡಿ ಕಟ್ಟಿ ಕಳಿಸುತ್ತಾಳೆ, ಫೋನು ಮಾಡಿ ಮೊಣಕಾಲಿನ ನೋವು ಹೇಳುತ್ತಾಳೆ. ಅದಕ್ಕೇ ಅವಳ ಮುಖ ನೋಡಲು ಅವನಿಗೆ ಆಗುವುದಿಲ್ಲ. ಆ ಅಕ್ಕನನ್ನು ಕೊಟ್ಟ ಊರಲ್ಲೇ ಈ ಮಠ. ಇವತ್ತು ಅವಳೂ ಬಂದು ನಿಂತಿರುತ್ತಾಳೆ.

ನಿಂತಿದ್ದಳು. ಮಠದ ಕಟ್ಟೆಯ ಮೇಲೆ, ಮೊಣಕಾಲು ಹಿಡಿದುಕೊಂಡು, ಇನ್ನೂ ಹತ್ತಿಪ್ಪತ್ತು ಜನರ ನಡುವೆ. 'ಎಷ್ಟು ಸೊರಗೀಯೋ ತಮ್ಮಾ' ಎಂದು ಅವನ ತೋಳು ಹಿಡಿದು ನೋಡಿದಳು. ಅವನು 'ಹೂಂ' ಎಂದು ತೋಳು ಬಿಡಿಸಿಕೊಂಡ. ಸಣ್ಣ ಮಠ, ನಡುಮನೆಯ ತೊಲೆಗೆ ಬೆಲ್ಲ ತೂಗುವ ದೊಡ್ಡ ತಕ್ಕಡಿ ಕಟ್ಟಿದ್ದರು. ಒಂದು ಕಡೆ ಕೂಡಲು ಹಲಗೆ, ಇನ್ನೊಂದು ಕಡೆ ಹಲಗೆಯ ಮೇಲೆ ಹಿತ್ತಾಳೆಯ ಅಗಲ ಪರಾತ. ಗದ್ದಿಗೆಯ ಬದಿಯಲ್ಲಿ ವಯಸ್ಸಾದ ಅಜ್ಜಾರು ಕೂತಿದ್ದರು, ಮಠದ ಸ್ವಾಮಿಗಳು, ಕಿವಿ ಮಂದ, ಕಣ್ಣು ಚುರುಕು. ತಲೆಯ ಮೇಲೆ ಎರಡು ತಂಬಿಗೆ ನೀರು ಸುರಿಸಿಕೊಂಡು ಒದ್ದೆ ಧೋತರದಲ್ಲೇ ಕೂಡಬೇಕು ಎಂದರು. ಶಿದ್ಲಿಂಗಪ್ಪ ಅಂಗಿ ಕಳಚಿದ. ಬನಿಯನ್ ಇರಲಿ ಎಂದುಬಿಟ್ಟರು. ನೀರು ಸುರಿದುಕೊಂಡು ಬಂದು ಹಲಗೆಯ ಮೇಲೆ ಕೂತು ಸರಪಳಿ ಹಿಡಿದಾಗ ಎದೆ ತಾನಾಗಿಯೇ ಸರಪಳಿಯ ಕಡೆ ವಾಲಿತು. ಟಕ್ ಎಂದಿತು. ಬನಿಯನ್ನಿನ ಕಿಸೆಯಲ್ಲಿ ಅಯಸ್ಕಾಂತ ಹಾಗೆಯೇ ಉಳಿದಿತ್ತು, ಅದು ಕಬ್ಬಿಣದ ಸರಪಳಿಗೆ ಕಚ್ಚಿಕೊಂಡಿತ್ತು. ಬಿಡಿಸಿಕೊಂಡು ಆಚೆ ಸರಿದರೆ ಹಲಗೆ ತಿರುಗುತ್ತದೆ. ಸುಮ್ಮನಿದ್ದರೆ ಮತ್ತೆ ಎಳೆಯುತ್ತದೆ. 'ನೆಟ್ಟಗ ಕುಂದರ್ರಿ' ಎಂದರು ಅಜ್ಜಾರು. ಜನ ನಕ್ಕರು. ಅವನು ಒಂದು ಮೊಣಕೈಯನ್ನು ಎದೆಗೂ ಸರಪಳಿಗೂ ನಡುವೆ ತೂರಿಸಿಕೊಂಡು ಕೂತ.

ಮೊದಲ ಡಬ್ಬಿ ಸುರಿದರು. ಇಪ್ಪತ್ತೆರಡು ವರ್ಷದ ನಾಣ್ಯಗಳು ಪರಾತದ ಮೇಲೆ ಬಿದ್ದು ಹರಡಿದವು. ಹಿಂದೆ ಯಾರೋ ಹೆಂಗಸು 'ಯವ್ವಾ, ಇಷ್ಟು ದಪ್ಪನೂವು ಈಗ ಎಲ್ಲಿ ನೋಡಾಕ ಸಿಗ್ತಾವ' ಎಂದಳು. ಯಾರೂ ಇಷ್ಟು ವರ್ಷ ಹೇಳದ ಮಾತು, ಇಂದು, ಅವು ಕೈಬಿಟ್ಟ ಹೊತ್ತಿಗೆ. ಎರಡನೆಯ ಡಬ್ಬಿಯ ತಳದಲ್ಲಿ ಮೊದಮೊದಲು ಕೂಡಿಸಿದವು ಇದ್ದವು. ಒಂದೊಂದು ಯಾವ ಅಂಗಡಿಯಿಂದ ಬಂತು, ಯಾವ ಬಸ್ಸಿನಲ್ಲಿ ಸಿಕ್ಕಿತು ಎಂದು ಅವನು ಹೇಳಬಲ್ಲವನಾಗಿದ್ದ. ಮೂರನೆಯ ಡಬ್ಬಿ ಸುರಿದು, ಮಠದ ಆಳು ಯಲ್ಲಾರಿ ಅದನ್ನು ಬೋರಲು ಹಾಕಿ ತಳ ತಟ್ಟಿ ತೋರಿಸಿದ. ತಕ್ಕಡಿಯ ದಂಡಿಗೆ ಅಲುಗಾಡಿತು, ಪರಾತ ಸ್ವಲ್ಪ ಇಳಿಯಿತು, ನಿಂತಿತು. ಶಿದ್ಲಿಂಗಪ್ಪನ ಹಲಗೆ ಏಳಲಿಲ್ಲ. ನಾಲ್ಕು ಬೆರಳಿನ ಅಂತರ. 'ಸ್ವಲ್ಪದಾಗ ಐತಿ' ಎಂದ ಯಲ್ಲಾರಿ. ಅವನ ತಲೆಯಲ್ಲಿ ಲೆಕ್ಕ ಓಡಿತು: ಎರಡು ಹೋಳಿಗೆ, ಬಟ್ಟಲು ಹಾಲು, ಒದ್ದೆ ಧೋತರ, ಈ ದರಿದ್ರ ಅಯಸ್ಕಾಂತ. ತಿಂದ ಹೋಳಿಗೆಯನ್ನು ಹೊರಗೆ ತೆಗೆಯುವಂತಿಲ್ಲ. ಅಯಸ್ಕಾಂತವನ್ನು ತೆಗೆಯಬಹುದಿತ್ತು, ಇಷ್ಟೂ ಜನರ ಎದುರು ಕಿಸೆಗೆ ಕೈ ಹಾಕಿ, ಅಕ್ಕನ ಎದುರು. ಆಗಲಿಲ್ಲ. ದಾಕ್ಷಾಯಿಣಿ ಪರಾತದ ಬದಿಯಿಂದ ಅವನನ್ನೇ ನೋಡುತ್ತಿದ್ದಳು. ಮುಖದಲ್ಲಿ ಗಾಬರಿ ಇರಲಿಲ್ಲ. ಅದೇ ಅವನಿಗೆ ವಿಚಿತ್ರವೆನಿಸಿತು. 'ಎಲ್ಲಾ ತಂದೀರಲ್ರಿ?' ಎಂದು ಮೆಲ್ಲಗೆ ಕೇಳಿದಳು. 'ಎಲ್ಲಾ ತಂದೇನಿ' ಎಂದ, ಗದ್ದಿಗೆಯ ಕಡೆ ನೋಡದೆ.

ಯಾರೋ ನೋಟು ತೆಗೆದರು, ನೋಟಿಗೆ ತೂಕ ಎಲ್ಲಿದೆ ಎಂದು ಇನ್ನಾರೋ ಗದರಿದರು. ಒಂದು ಕಾಯಿ ಇಡಿ ಎಂದು ಒಬ್ಬ, ಬೆಲ್ಲ ಇಡಿ ಎಂದು ಇನ್ನೊಬ್ಬ. ದಾಕ್ಷಾಯಿಣಿ ತಲೆ ಅಲ್ಲಾಡಿಸಿ 'ರೊಕ್ಕ ಅಂತ ಬೇಡಕೊಂಡೇನ್ರಿ' ಎಂದಳು. ಅವನು ನೆಲಕ್ಕೆ ತಾಗಿದ ಹಲಗೆಯ ಮೇಲೆ, ಒದ್ದೆ ಧೋತರದಲ್ಲಿ, ಮೊಣಕೈಯಿಂದ ಸರಪಳಿಯನ್ನು ದೂರ ತಳ್ಳುತ್ತ ಕೂತೇ ಇದ್ದ. ಬೆಳಿಗ್ಗೆ ಚಹಾದಂಗಡಿಯಲ್ಲಿ ಕೊಂಡ ಐದು ರೂಪಾಯಿ ಅಲ್ಲಿ ಕಳಚಿಟ್ಟ ಅಂಗಿಯಲ್ಲಿದೆ ಎಂದು ನೆನಪಾಯಿತು, ಹೇಳಲಿಲ್ಲ. ತನ್ನ ಮೇಲೆಯೇ ಅವನಿಗೆ ಹೇಸಿಗೆ ಹುಟ್ಟಿತು. ಆಗ ಗೌರವ್ವ ಮೊಣಕಾಲಿಗೆ ಕೈ ಊರಿ ಎದ್ದು ಬಂದಳು. ಸೊಂಟದಿಂದ ಒಂದು ಎಲೆಸಂಚಿ ತೆಗೆದಳು. ಹಸಿರು ಖಣದ್ದು, ಬಾಯಿಗೆ ದಾರ, ಅವ್ವ ಎಲೆ ಅಡಿಕೆ ಇಟ್ಟುಕೊಳ್ಳುತ್ತಿದ್ದದ್ದು. ಅವನಿಗೆ ದೂರದಿಂದಲೇ ಗುರುತು ಸಿಕ್ಕಿತು. 'ಇದು ಅವ್ವನ ಮ್ಯಾಲೆ ತೂರಿದ್ದು. ಹಾದ್ಯಾಗ ಬಿದ್ದದ್ದನ್ನ ಆರಿಸಿ ಇಟಕೊಂಡಿದ್ದೆ, ತೊಂಬತ್ತು ವರ್ಷ ಬಾಳಿದಾಕಿ ರೊಕ್ಕ ಮನ್ಯಾಗ ಇರಬೇಕು ಅಂತ' ಎಂದು ಅಜ್ಜಾರಿಗೆ ಹೇಳಿ, ದಾರ ಸಡಿಲಿಸಿ, ಸಂಚಿಯನ್ನು ಪರಾತದ ಮೇಲೆ ಬೋರಲು ಮಾಡಿದಳು. ಎರಡು ಹಿಡಿ. ಟಿಣ್ ಟಿಣ್ ಎಂದವು. ಆ ಸದ್ದನ್ನು ಅವನು ಎಲ್ಲಿ ಕೇಳಿದರೂ ಗುರುತಿಸುತ್ತಿದ್ದ. ಪರಾತ ಇಳಿಯಿತು, ಅವನ ಕಾಲು ನೆಲ ಬಿಟ್ಟಿತು. ಜನ ಹರಹರ ಎಂದರು.

'ಇಳೀರಿ, ಮುಗೀತು' ಎಂದರು. ಇಳಿದ. ಹಲಗೆ ಜೋಲಿ ಹೊಡೆದು ನಿಂತಿತು. ಯಲ್ಲಾರಿ ಪರಾತದ ಬದಿಯಲ್ಲಿ ಚೀಲದ ಬಾಯಿ ಅಗಲಿಸಿ ಹಿಡಿದ. ಆ ರಾಶಿಯಲ್ಲಿ ಅವ್ವನ ನಾಣ್ಯ ಯಾವುದೆಂದು ಈಗ ಯಾರೂ ಹೇಳುವಂತಿರಲಿಲ್ಲ. ಮೇಲಿದ್ದವು ಜಾರಿ ಒಳಗೆ ಸೇರಿದ್ದವು. ಒಮ್ಮೆ ಚೀಲಕ್ಕೆ ಹೋದರೆ ಮುಗಿಯಿತು. 'ತಡಿಯೋ ಯಲ್ಲಾರಿ' ಎಂದ ಶಿದ್ಲಿಂಗಪ್ಪ. ಧ್ವನಿ ತನಗೇ ದೊಡ್ಡದೆನಿಸಿತು. ಬನಿಯನ್ನಿನ ಕಿಸೆಗೆ ಕೈ ಹಾಕಿ ಅಯಸ್ಕಾಂತ ಹೊರಗೆ ತೆಗೆದ. ನಾಲ್ಕೂ ಕಡೆ ಜನ; ಕೆಲವರಿಗೆ ಅದೇನೆಂದು ತಿಳಿಯಲಿಲ್ಲ, ತಿಳಿದ ದಾಕ್ಷಾಯಿಣಿ ಮುಖ ಕಪ್ಪಿಟ್ಟುಕೊಂಡು 'ದೇವರ ಪಾಲಾದ್ವು ಅವು. ಇಲ್ಲೂ ಆರಸ್ತೀರೇನ್ರಿ? ನಿಮಗ ಏನ್ ಅನ್ನಬೇಕು' ಎಂದಳು. ಅವನು ಉತ್ತರ ಕೊಡದೆ ಒದ್ದೆ ಧೋತರದಲ್ಲೇ ಕುಕ್ಕರುಗಾಲಲ್ಲಿ ಕೂತು ಅಯಸ್ಕಾಂತವನ್ನು ರಾಶಿಯ ಮೇಲೆ ಆಡಿಸಿದ. ದಪ್ಪ ಐದುಗಳು ಅಲುಗಲಿಲ್ಲ. ಹನ್ನೊಂದು ಮೂಲೆಯ ಎರಡುಗಳು ಅಲುಗಲಿಲ್ಲ. ಅವುಗಳ ನಡುವಿನಿಂದ ಒಂದು ಸವೆದ ಉಕ್ಕಿನ ರೂಪಾಯಿ ಟಪ್ಪನೆ ಹಾರಿ ಬಂದು ಅಂಟಿತು. ಅದರ ಬೆನ್ನಿಗೆ ಇನ್ನೊಂದು. ಕೈಯನ್ನು ರಾಶಿಯೊಳಗೆ ತೂರಿಸಿ ತಿರುಗಿಸಿದ. ಎಂಟು ಹತ್ತು ಒಮ್ಮೆಲೆ ಬಂದವು, ಒಂದರ ಬಾಲಕ್ಕೆ ಒಂದು ಕಚ್ಚಿಕೊಂಡು.

'ಹರಕಿ ರೊಕ್ಕ ತಿರುಗಿ ತಗೋಬಾರದ್ರಿ' ಎಂದರು ಅಜ್ಜಾರು. ಅವನು ಅವರ ಕಡೆ ತಿರುಗಿದ. ಕಿವಿ ಮಂದವಾದ್ದರಿಂದ ಗಟ್ಟಿಯಾಗಿ ಹೇಳಬೇಕಾಯಿತು, ಇಡೀ ಮಠ ಕೇಳುವಂತೆ. 'ಇವಷ್ಟು ನನಗ ಕೊಡ್ರಿ ಅಜ್ಜಾರ. ಅವತ್ತು ನಾನ ಆರಿಸಿ ಹೊರಗ ಹಾಕಿದ್ವು ಇವು. ಇವಕ್ಕ ಬದಲಿ ಮನ್ಯಾಗ ಇನ್ನೊಂದು ಡಬ್ಬಿ ಐತಿ. ಏಳು ಕಿಲೊ. ಮುಚ್ಚಿಟ್ಟು ಬಂದೇನಿ. ನಾಳೆ ತಂದು ಸುರೀತೇನಿ.' ಹೇಳಿ ಮುಗಿಸಿದಾಗ ಕಿವಿ ಬಿಸಿಯಾಗಿದ್ದವು. ಯಾರೂ ನಗಲಿಲ್ಲ. ದಾಕ್ಷಾಯಿಣಿ ಸೆರಗಿನಿಂದ ಮುಖ ಒರೆಸಿಕೊಂಡು, ಬಾಗಿಲಲ್ಲಿ ನಿಂತಿದ್ದ ಡ್ರೈವರನ ಕಡೆ ನೋಡಿ, 'ಮಾಳಪ್ಪಾ, ಹಿಂದ ಕಾಯಿ ಚೀಲದ ಕೆಳಗ ಒಂದು ಡಬ್ಬಿ ಐತಿ, ತಗೊಂಬಾ. ಕುಳ್ಳಿನ ಧೂಳ ಹತ್ತೇತಿ, ಝಾಡಿಸಿ ತಾ' ಎಂದಳು. ಶಿದ್ಲಿಂಗಪ್ಪ ಅವಳನ್ನೇ ನೋಡಿದ. ಅವಳು ಅವನನ್ನು ನೋಡಲಿಲ್ಲ. ಅಜ್ಜಾರು ಕೈಯಿಂದ 'ತಗೋರಿ' ಎಂಬಂತೆ ಸನ್ನೆ ಮಾಡಿದರು.

ಅಂಟಿದವನ್ನು ಅವನು ಒಂದೊಂದೇ ಬಿಡಿಸತೊಡಗಿದ. ಬಿಡಿಸಿದ್ದು ಮತ್ತೆ ಹಾರಿ ಹೋಗಿ ಕಚ್ಚಿಕೊಳ್ಳುತ್ತಿತ್ತು. ಚೀಲ ಹಿಡಿದ ಯಲ್ಲಾರಿ ಕಾಲು ಬದಲಿಸಿದ, ಹಿಂದೆ ಯಾರೋ ಊಟಕ್ಕೆ ಹೊತ್ತಾಯಿತು ಎಂದರು. ಗೌರವ್ವ ಮೊಣಕಾಲು ನೋಯುತ್ತಿದ್ದರೂ ಅವನ ಎದುರು ನೆಲಕ್ಕೆ ಕೂತು, ಬರಿದಾದ ಸಂಚಿಯ ಬಾಯನ್ನು ಎರಡೂ ಕೈಯಿಂದ ತೆರೆದು ಹಿಡಿದಳು.

'ಸಾವಕಾಶ ಆರಿಸು ತಮ್ಮಾ' ಎಂದಳು. 'ಅವಸರ ಏನೂ ಇಲ್ಲ.'